ಎರಡಾಣೆಯ ಕೀರ್ತಿ, ಅರ್ಧಕ್ಕೆ ನಿಂತ ಕೆಲಸ

ಕರಾವಳಿಯ ಬ್ಯಾಂಕುಗಳ ಚರಿತ್ರೆ ಬರೆಯುವವರು ಪಿಗ್ಮಿ ಠೇವಣಿಯ ಮುಂದೆ ನಿಂತು ಕೈಮುಗಿಯದೆ ಮುಂದೆ ಹೋಗುವುದಿಲ್ಲ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕ್, ಜನರ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಠೇವಣಿ ಕೂಡಿಸತೊಡಗಿತು. ಬಡವರಿಗೆ ಉಳಿತಾಯ ಕಲಿಸಿದ್ದು ಈ ಯೋಜನೆ, ಇಂದಿನ ಜನಧನಕ್ಕೆ ಇದೇ ತಾಯಿಬೇರು ಎಂಬ ಮಾತು ಅಲ್ಲಿಂದ ಬೆಳೆದು ಬಂದಿದೆ. 2028ಕ್ಕೆ ಪಿಗ್ಮಿಗೆ ನೂರು ತುಂಬುತ್ತದೆ. ಈ ಹೊಗಳಿಕೆ ಇನ್ನಷ್ಟು ಗಟ್ಟಿಯಾಗುವ ಮೊದಲು ಅದನ್ನು ಒರೆಗೆ ಹಚ್ಚುವುದು ಒಳ್ಳೆಯದು. ಪಿಗ್ಮಿ ದೊಡ್ಡ ಆವಿಷ್ಕಾರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಹಿರಿಮೆ ಎಲ್ಲಿದೆಯೋ ಅದನ್ನು ಬಿಟ್ಟು ಎಲ್ಲಿಲ್ಲವೋ ಅದನ್ನು ನಾವು ಹೊಗಳುತ್ತಿದ್ದೇವೆ. ಬಡವರ ದುಡ್ಡು ಬ್ಯಾಂಕಿಗೆ ಬರುವ ದಾರಿಯನ್ನು ಪಿಗ್ಮಿ ಕಟ್ಟಿತು. ಬ್ಯಾಂಕಿನ ದುಡ್ಡು ಬಡವರ ಮನೆಗೆ ಹೋಗುವ ದಾರಿಯನ್ನು ಅದೇ ಗಟ್ಟಿತನದಲ್ಲಿ ಕಟ್ಟಲಿಲ್ಲ. ಹೀಗೆ ಅರ್ಧಕ್ಕೆ ನಿಂತ ಸಂಸ್ಥೆಯನ್ನು ಪೂರ್ಣವೆಂದು ಕೊಂಡಾಡಿದ್ದರ ಬೆಲೆಯನ್ನು ಬೀದಿ ವ್ಯಾಪಾರಿಗಳು, ಬೀಡಿ ಕಟ್ಟುವ ಹೆಂಗಸರು, ಬಾಡಿಗೆ ಮನೆಯವರು ಇಂದಿಗೂ ತೆರುತ್ತಿದ್ದಾರೆ.

ಹಿನ್ನೆಲೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಕರಾವಳಿಯ ಒಂದೇ ಅವಿಭಜಿತ ಜಿಲ್ಲೆಯಲ್ಲಿ ಕೆನರಾ, ಕಾರ್ಪೊರೇಶನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದ್ದು, 1969 ಮತ್ತು 1980ರ ರಾಷ್ಟ್ರೀಕರಣ, 2019-20ರ ವಿಲೀನಗಳಲ್ಲಿ ಅವುಗಳ ಪೈಕಿ ಮೂರರ ಹೆಸರು ಅಳಿದದ್ದು ಓದುಗರಿಗೆ ಗೊತ್ತಿರುವ ಸಂಗತಿ. ಸಿಂಡಿಕೇಟ್ ಬ್ಯಾಂಕಿಗೆ ಸಲ್ಲಬೇಕಾದ ನ್ಯಾಯವನ್ನೂ ಮೊದಲೇ ಸಲ್ಲಿಸಿಬಿಡುತ್ತೇನೆ. ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವ ಉದ್ದೇಶದಿಂದಲೇ 1925ರಲ್ಲಿ ಅದು ಹುಟ್ಟಿತು. ದೇಶದ ಮೊದಲ ಗ್ರಾಮೀಣ ಬ್ಯಾಂಕುಗಳಲ್ಲಿ ಒಂದಾದ ಮೊರಾದಾಬಾದಿನ ಪ್ರಥಮಾ ಬ್ಯಾಂಕನ್ನು 1975ರಲ್ಲಿ ಪ್ರಾಯೋಜಿಸಿದ್ದೂ ಅದೇ. ಸಣ್ಣವರಿಗೆ ಸಾಲ ಕೊಡಬೇಕೆಂಬ ಮನಸ್ಸು ಆ ಬ್ಯಾಂಕಿಗೆ ಇರಲಿಲ್ಲ ಎಂದು ಯಾರೂ ಹೇಳಲಾರರು. ನನ್ನ ತಕರಾರು ಪಿಗ್ಮಿ ಎಂಬ ಪದ್ಧತಿಯ ರಚನೆಯ ಬಗ್ಗೆ. ಸ್ಥಾಪಕರ ಸದುದ್ದೇಶ ಆ ರಚನೆಯೊಳಗೆ ಪೂರ್ತಿ ಇಳಿಯಲಿಲ್ಲ.

ಮೊದಲು ಉಳಿತಾಯದ ಪಾಠದ ಮಾತನ್ನೇ ನೋಡೋಣ. ಬಡವರು ಉಳಿಸುವುದನ್ನು ಬ್ಯಾಂಕಿನಿಂದ ಕಲಿಯಲಿಲ್ಲ. ಚೀಟಿ ಹಾಕುವುದು, ಬೊಟ್ಟು ಚಿನ್ನ ಕೊಳ್ಳುವುದು, ಅಂಗಡಿಯವನ ಬಳಿ ದುಡ್ಡು ಇಡುವುದು ಪಿಗ್ಮಿಗಿಂತ ಹಳೆಯವು. ಪಿಗ್ಮಿ ನಿಜಕ್ಕೂ ಕಂಡುಹಿಡಿದದ್ದು ಕಾಲದ ಅಳತೆಯನ್ನು. ದಿನದ ಗಳಿಕೆಯವನಿಗೆ ತಿಂಗಳು ಎಂಬುದು ದೂರದ ಮಾತು. ಮೀನು ಮಾರುವವಳ ಕೈಗೆ ಸಂಜೆ ದುಡ್ಡು ಬರುತ್ತದೆ, ಮರುದಿನ ಬೆಳಿಗ್ಗೆಯ ಖರೀದಿಗೆ ಅದರಲ್ಲಿ ಬಹುಪಾಲು ಹೋಗುತ್ತದೆ. ಈ ಎರಡರ ನಡುವಿನ ಕೆಲವೇ ಗಂಟೆಗಳಲ್ಲಿ ಯಾರಾದರೂ ಬಂದು ಐದೋ ಹತ್ತೋ ತೆಗೆದುಕೊಂಡು ಹೋದರೆ ಮಾತ್ರ ಅದು ಉಳಿತಾಯವಾಗುತ್ತದೆ. ಬ್ಯಾಂಕಿನ ಗಡಿಯಾರವನ್ನು ದುಡಿಯುವವರ ಗಡಿಯಾರಕ್ಕೆ ಹೊಂದಿಸಿದ್ದು, ಅದಕ್ಕಾಗಿ ಒಬ್ಬ ಮನುಷ್ಯನನ್ನು ದಿನಾ ನಡೆಸಿದ್ದು ಪಿಗ್ಮಿಯ ಅಸಲಿ ಸಾಧನೆ. ಮಿತವ್ಯಯದ ಉಪದೇಶಕ್ಕೆ ಇದರಲ್ಲಿ ಪಾಲಿಲ್ಲ.

ಆ ದಿನದ ಭೇಟಿಗೆ ಒಂದು ಖರ್ಚಿದೆ, ಇಡೀ ಪದ್ಧತಿಯ ಗುಟ್ಟು ಇರುವುದು ಆ ಖರ್ಚಿನ ಲೆಕ್ಕದಲ್ಲಿ. ಒಬ್ಬ ವ್ಯಾಪಾರಿ ದಿನಕ್ಕೆ 100 ರೂಪಾಯಿ ಪಿಗ್ಮಿ ಕಟ್ಟುತ್ತಾನೆ, ಅದನ್ನು ಸಂಗ್ರಹಿಸುವ ಏಜೆಂಟರ ಕಮಿಷನ್ ಶೇ. 3 ಎಂದಿಟ್ಟುಕೊಳ್ಳಿ. ವರ್ಷಕ್ಕೆ 36,500 ರೂಪಾಯಿ ಕೂಡುತ್ತದೆ, ಕಮಿಷನ್ 1,095 ರೂಪಾಯಿ. ಮೇಲ್ನೋಟಕ್ಕೆ ಇದು ಸಣ್ಣ ಖರ್ಚು. ಆದರೆ ಆ 36,500 ವರ್ಷವಿಡೀ ಬ್ಯಾಂಕಿನಲ್ಲಿ ಇರುವುದಿಲ್ಲ. ಮೊದಲ ದಿನದ ನೂರು ವರ್ಷ ಪೂರ್ತಿ ಇರುತ್ತದೆ, ಕೊನೆಯ ದಿನದ ನೂರು ಒಂದೇ ದಿನ. ಸರಾಸರಿ ತೆಗೆದರೆ ವರ್ಷದುದ್ದಕ್ಕೂ ಬ್ಯಾಂಕಿನ ಕೈಯಲ್ಲಿರುವುದು ಸುಮಾರು 18,250 ಮಾತ್ರ. ಹಾಗಾಗಿ ಶೇ. 3ರ ಕಮಿಷನ್ ಎಂದರೆ ಬ್ಯಾಂಕಿಗೆ ಬೀಳುವ ವಾರ್ಷಿಕ ಭಾರ ಸುಮಾರು ಶೇ. 6. ಅದರ ಮೇಲೆ ಠೇವಣಿದಾರನಿಗೂ ಬಡ್ಡಿ ಕೊಡಬೇಕು. ಪಿಗ್ಮಿಯ ಬಡ್ಡಿ ಸಾಮಾನ್ಯವಾಗಿ ನಿಶ್ಚಿತ ಠೇವಣಿಗಿಂತ ಕೆಳಗಿರುವುದು ಇದರಿಂದ. ಅವಧಿಗೆ ಮುಂಚೆ ಖಾತೆ ಮುಚ್ಚಿದರೆ ಬಡ್ಡಿ ಇಲ್ಲ ಎಂದೋ, ಏಜೆಂಟರ ಕಮಿಷನ್ ಮುರಿದುಕೊಳ್ಳುತ್ತೇವೆ ಎಂದೋ ಅನೇಕ ಸಹಕಾರಿ ಸಂಘಗಳು ನಿಯಮ ಮಾಡಿರುವುದೂ ಇದರಿಂದಲೇ. ಅಂದರೆ ಮನೆಬಾಗಿಲಿನ ಸೇವೆಯ ಖರ್ಚನ್ನು ಕೊನೆಗೆ ಹೊರುವವನು ಮನೆಬಾಗಿಲಲ್ಲಿ ನಿಂತವನೇ. ಮಗುವಿನ ಜ್ವರಕ್ಕೋ ಮನೆಯ ಅಡ್ವಾನ್ಸಿಗೋ ದುಡ್ಡು ಬೇಕಾಗಿ ಅರ್ಧದಲ್ಲಿ ಮುಚ್ಚುವ ಕಡುಬಡವ ಎಲ್ಲರಿಗಿಂತ ಹೆಚ್ಚು ತೆರುತ್ತಾನೆ.

ಪಿಗ್ಮಿ ದುಬಾರಿ ಎಂದು ಬ್ಯಾಂಕುಗಳು ಹೇಳುತ್ತ ಬಂದದ್ದನ್ನು ಈ ಲೆಕ್ಕ ಮೇಲ್ನೋಟಕ್ಕೆ ಎತ್ತಿಹಿಡಿಯುತ್ತದೆ. ಆದರೆ ಅದು ದುಬಾರಿಯಾಗುವುದು ಏಜೆಂಟರು ಬರಿಯ ಠೇವಣಿಗಾಗಿ ಹೋದಾಗ. ಅದೇ ನಡಿಗೆಯಲ್ಲಿ ಸಾಲದ ಕಂತೂ ಬಂದರೆ, ಅದೇ ಪಾಸ್‌ಬುಕ್ ಸಾಲಗಾರನ ಯೋಗ್ಯತೆಗೆ ದಾಖಲೆಯೂ ಆದರೆ, ಶೇ. 6ರ ಭಾರ ಎರಡು ಕೆಲಸಗಳಿಗೆ ಹಂಚಿಹೋಗುತ್ತದೆ. ಐದು ವರ್ಷ ದಿನಾ ತಪ್ಪದೆ ಕಟ್ಟಿದ ಪಾಸ್‌ಬುಕ್ಕಿಗಿಂತ ನಂಬಲರ್ಹವಾದ ಸಾಕ್ಷ್ಯ ಸಾಲ ಕೊಡುವವನಿಗೆ ಇನ್ನೇನು ಬೇಕು? ಮಳೆಗಾಲದಲ್ಲಿ ಗಳಿಕೆ ಎಷ್ಟು ಕುಗ್ಗುತ್ತದೆ, ಹಬ್ಬದಲ್ಲಿ ಎಷ್ಟು ಏರುತ್ತದೆ, ಮನೆಯಲ್ಲಿ ಕಾಯಿಲೆ ಬಂದ ಮೇಲೆ ಎಷ್ಟು ದಿನಕ್ಕೆ ಚೇತರಿಸಿಕೊಂಡರು ಎಂಬುದೆಲ್ಲ ಅದರಲ್ಲಿ ದಿನಾಂಕದೊಡನೆ ಇದೆ. ಈ ಸಾಕ್ಷ್ಯಕ್ಕೆ ಬ್ಯಾಂಕುಗಳು ಕೊಟ್ಟ ಬೆಲೆ ಕಡಿಮೆ. ಪಿಗ್ಮಿದಾರನಿಗೆ ಸಲೀಸಾಗಿ ಸಿಕ್ಕಿದ್ದು ಠೇವಣಿಯ ಮೇಲಿನ ಸಾಲ. ತನ್ನದೇ ದುಡ್ಡಿನ ಒಂದು ಭಾಗವನ್ನು ತಾನೇ ಬಡ್ಡಿ ತೆತ್ತು ಪಡೆಯುವುದನ್ನು ಸಾಲದ ಪ್ರವೇಶ ಎನ್ನಲಾಗದು.

ಮನೆಯ ವಿಷಯಕ್ಕೆ ಬಂದರೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಗೃಹಸಾಲಕ್ಕೆ ಬ್ಯಾಂಕು ಕೇಳುವುದು ಸಂಬಳದ ಚೀಟಿ ಅಥವಾ ಆದಾಯ ತೆರಿಗೆಯ ವಿವರ, ಜೊತೆಗೆ ಅನುಮೋದಿತ ನಕ್ಷೆ, ಕ್ರಮಬದ್ಧ ಖಾತೆ. ದಿನಗೂಲಿಯ ಕುಟುಂಬ ಮನೆ ಕಟ್ಟುವ ಕ್ರಮ ಬೇರೆ. ಮೊದಲು ಒಂದು ಕೋಣೆ ಆಗುತ್ತದೆ, ಎರಡು ವರ್ಷಕ್ಕೆ ಹೆಂಚು ತೆಗೆದು ಆರ್‌ಸಿಸಿ, ಮಗಳ ಮದುವೆಗೆ ಮುಂಚೆ ಕಕ್ಕಸು. ಭೂಕಂದಾಯ ಕಾಯ್ದೆಯ 94ಸಿ, 94ಸಿಸಿ ಅಡಿಯಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ ಕಾದು ಕೂತವರು ಒತ್ತೆಯಿಡುವ ಕಾಗದವನ್ನು ಎಲ್ಲಿಂದ ತರಬೇಕು? ಇಂಥವರಿಗೆ ಬೇಕಾದದ್ದು ಇಪ್ಪತ್ತು ವರ್ಷದ ದೊಡ್ಡ ಸಾಲವಲ್ಲ, ಎರಡು ಮೂರು ವರ್ಷದಲ್ಲಿ ದಿನಾ ಕಟ್ಟಿ ತೀರಿಸಬಹುದಾದ ಐವತ್ತು ಸಾವಿರ, ಒಂದು ಲಕ್ಷ. ಅದಕ್ಕೆ ಹೇಳಿ ಮಾಡಿಸಿದಂತಿದ್ದ ಸಾಧನ ಪಿಗ್ಮಿ. ಬ್ಯಾಂಕುಗಳು ಆ ಸಾಧನವನ್ನು ಠೇವಣಿಯ ಕಪಾಟಿನಲ್ಲೇ ಇಟ್ಟವು.

ಇಲ್ಲಿ ಎಡಪಂಥೀಯ ವಿಮರ್ಶಕರ ಹಳೆಯ ವಾದವೊಂದು ಅಡ್ಡ ಬರುತ್ತದೆ. ಪಿಗ್ಮಿ ಎಂದರೆ ಹಳ್ಳಿಯ ಚಿಲ್ಲರೆಯನ್ನು ಗುಡಿಸಿ ಪಟ್ಟಣದ ಉದ್ಯಮಿಗೆ ಕೊಡುವ ಕೊಳವೆ, ಅಷ್ಟೇ ಎಂಬುದು ಅವರ ತೀರ್ಪು. ಉಡುಪಿ ಜಿಲ್ಲೆಯಲ್ಲಿ ಠೇವಣಿಗೆ ಹೋಲಿಸಿದರೆ ಸಾಲದ ಪ್ರಮಾಣ ಕಡಿಮೆ ಎಂಬ ದೂರು ಬ್ಯಾಂಕರುಗಳ ಜಿಲ್ಲಾ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿರುವುದು ಅವರಿಗೆ ಪುರಾವೆ. ಆ ಅನುಪಾತಕ್ಕೆ ಪಿಗ್ಮಿಯೊಂದನ್ನೇ ಹೊಣೆ ಮಾಡುವುದು ಸರಿಯಲ್ಲ, ಮುಂಬಯಿಯಿಂದ, ಗಲ್ಫಿನಿಂದ ಬರುವ ಹಣವೂ ಅಲ್ಲಿನ ಠೇವಣಿಯನ್ನು ಉಬ್ಬಿಸಿದೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕೊಳವೆಯ ಒಂದು ತುದಿಯನ್ನಷ್ಟೇ ನೋಡುವ ಈ ವಿಮರ್ಶಕರು, ದುಡ್ಡು ಕಟ್ಟುವವಳಿಗೆ ಪಿಗ್ಮಿ ಕೊಟ್ಟ ರಕ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಂಡನ ಕೈಗೆ ಸಿಗದ, ನೆಂಟರು ಕೇಳಲಾಗದ, ಚೀಟಿಯವನು ಓಡಿಹೋದರೂ ಮುಳುಗದ ಹಣ ಒಬ್ಬ ಬೀಡಿ ಕಾರ್ಮಿಕಳ ಹೆಸರಿನಲ್ಲಿ ಇರುವುದು ಸಣ್ಣ ಸಂಗತಿಯಲ್ಲ. ಕೊಳವೆಯನ್ನು ಒಡೆಯಿರಿ ಎನ್ನುವವರಿಗಿಂತ, ಅದರಲ್ಲಿ ನೀರು ಎರಡೂ ಕಡೆ ಹರಿಯಲಿ ಎಂದು ಕೇಳುವವರು ಆ ಹೆಂಗಸಿಗೆ ಹೆಚ್ಚು ಹತ್ತಿರದವರು.

ಇನ್ನೊಂದು ಬಣದ ಜೊತೆ ನನ್ನ ಜಗಳ ಇದಕ್ಕಿಂತ ತೀವ್ರವಾದದ್ದು. ಮೊಬೈಲ್ ಬಂದ ಮೇಲೆ ಮನೆಬಾಗಿಲಿನ ಭೇಟಿಗೆ ಅರ್ಥವಿಲ್ಲ, ಪಿಗ್ಮಿ ತನ್ನ ಕಾಲ ಮುಗಿಸಿದ ಹಳೆಯ ವಸ್ತು ಎಂದು ಅವರು ಬರೆಯುತ್ತಾರೆ. 2014ರಲ್ಲಿ ಆರಂಭವಾದ ಜನಧನದಲ್ಲಿ 50 ಕೋಟಿಗೂ ಹೆಚ್ಚು ಖಾತೆಗಳಾಗಿವೆ ಎಂದು ತೋರಿಸುತ್ತಾರೆ. ಖಾತೆ ತೆರೆದದ್ದು ದೊಡ್ಡ ಕೆಲಸ, ಸರ್ಕಾರದ ನೆರವು ನೇರವಾಗಿ ತಲುಪಲು ಅದು ದಾರಿಯಾಯಿತು. ಆದರೆ ಪಿಗ್ಮಿಯ ಮಗು ಎಂದು ಕರೆಸಿಕೊಳ್ಳುವ ಜನಧನ ಪಿಗ್ಮಿಯಿಂದ ಪಡೆದುಕೊಂಡದ್ದು ಖಾತೆಯನ್ನು ಮಾತ್ರ, ದಿನದ ಗಡಿಯಾರವನ್ನಲ್ಲ. ಬೀದಿ ವ್ಯಾಪಾರಿಗಳಿಗೆಂದು 2020ರಲ್ಲಿ ಬಂದ ಪಿಎಂ ಸ್ವನಿಧಿಯ ಮೊದಲ ಸಾಲ ಆಗ 10,000 ರೂಪಾಯಿ ಇತ್ತು, ಅದನ್ನು ತಿಂಗಳ ಕಂತುಗಳಲ್ಲಿ ವರ್ಷದೊಳಗೆ ತೀರಿಸಬೇಕಿತ್ತು. ದಿನಾ ಗಳಿಸುವವನಿಗೆ ತಿಂಗಳ ಕಂತು ಕಟ್ಟಿಸುವುದೆಂದರೆ, ಮೂವತ್ತು ದಿನ ದುಡ್ಡನ್ನು ಮನೆಯಲ್ಲೇ ಕಾಯುವ ಕಷ್ಟವನ್ನು ಅವನ ತಲೆಗೇ ಹಾಕುವುದು. ಪಿಗ್ಮಿ 1928ರಲ್ಲೇ ಬಿಡಿಸಿದ್ದ ಗಂಟು ಅದು. ಈಗ ಕ್ಯೂಆರ್ ಕೋಡ್ ಕೊಡುವ ಖಾಸಗಿ ಕಂಪನಿಗಳು ಅಂಗಡಿಯವರ ದಿನದ ವಹಿವಾಟು ನೋಡಿ ಸಾಲ ಕೊಟ್ಟು ದಿನದ ಕಂತಿನಲ್ಲೇ ಮುರಿದುಕೊಳ್ಳುತ್ತಿವೆ. ಇದು ಹೊಸ ಕಾಲದ ಶೋಧ ಎಂದು ಅದೇ ಲೇಖಕರು ಸಂಭ್ರಮಿಸುತ್ತಾರೆ. ದಿನದ ದಾಖಲೆಯೇ ಸಾಲದ ಆಧಾರವಾಗಬಲ್ಲದು ಎಂಬುದನ್ನು ಈ ಕಂಪನಿಗಳು ಸಾಬೀತು ಮಾಡಿದ್ದರೆ, ದಶಕಗಳ ಕಾಲ ಲಕ್ಷಾಂತರ ಪಾಸ್‌ಬುಕ್‌ಗಳನ್ನು ಕೈಯಲ್ಲಿಟ್ಟುಕೊಂಡ ಬ್ಯಾಂಕುಗಳು ಕಳೆದುಕೊಂಡದ್ದು ಎಷ್ಟೆಂಬುದೂ ಅದರಿಂದಲೇ ಸಾಬೀತಾಗುತ್ತದೆ.

ಪಿಗ್ಮಿ ಕೊಟ್ಟ ಉದ್ಯೋಗದ ಬಗ್ಗೆ ಹೊಗಳುವವರೂ ತೆಗಳುವವರೂ ಹೆಚ್ಚು ಮಾತಾಡುವುದಿಲ್ಲ. ಏಜೆಂಟರು ನಮ್ಮ ನೌಕರರಲ್ಲ, ಅವರಿಗೆ ಕೆಲಸದ ಹೊತ್ತು ಗೊತ್ತುಮಾಡಿಲ್ಲ, ಬೇರೆ ಕೆಲಸ ಮಾಡಲು ಅವರು ಸ್ವತಂತ್ರರು ಎಂದು ಬ್ಯಾಂಕುಗಳು ವರ್ಷಗಟ್ಟಲೆ ವಾದಿಸಿದವು. 1988ರಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ ಏಜೆಂಟರ ಪರ ತೀರ್ಪು ಕೊಟ್ಟಿತು. ತಿಂಗಳಿಗೆ ಕನಿಷ್ಠ 7,500 ರೂಪಾಯಿ ಠೇವಣಿ ತಂದವರಿಗೆ 750 ರೂಪಾಯಿ ಖಾತ್ರಿ ವೇತನ, ಅದಕ್ಕಿಂತ ಮೇಲಿನದಕ್ಕೆ ಶೇ. 2, ಓಡಾಟಕ್ಕೆ 50 ಅಥವಾ 100 ರೂಪಾಯಿ, ವರ್ಷಕ್ಕೆ 15 ದಿನದ ಕಮಿಷನ್‌ನಂತೆ ಗ್ರಾಚ್ಯುಟಿ ಎಂದು ಅದು ಗೊತ್ತುಮಾಡಿತು. 2001ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇವರು ಕೆಲಸಗಾರರೇ, ಕಮಿಷನ್ ಎಂಬುದು ದುಡಿಮೆಗೆ ತಕ್ಕ ಕೂಲಿಯೇ ಎಂದು ಹೇಳಿತು. ಖಾಯಂ ನೌಕರರ ಸಂಬಳ, ಸೌಲಭ್ಯ ಅವರಿಗೆ ಸಿಗಲಿಲ್ಲ. ಆ ಅಂಕಿಗಳನ್ನು ಬಿಡಿಸಿ ನೋಡಿ. ತಿಂಗಳಿಗೆ 7,500 ಎಂದರೆ ದಿನಕ್ಕೆ 250. ಒಂದೊಂದು ಬಾಗಿಲಲ್ಲಿ ಎರಡು ರೂಪಾಯಿ ಸಿಕ್ಕರೆ 125 ಬಾಗಿಲು ಹತ್ತಿಳಿಯಬೇಕು. ಊರಿನ ಪ್ರತಿಯೊಬ್ಬ ಸಣ್ಣ ವ್ಯಾಪಾರಿಯ ಗಳಿಕೆಯ ಏರಿಳಿತ ಬಲ್ಲ, ಜನ ಹೆಸರು ಹಿಡಿದು ಕರೆಯುವ ಈ ಮನುಷ್ಯನ ತಿಳಿವಳಿಕೆಯನ್ನು ಬ್ಯಾಂಕು ಕೊಂಡುಕೊಳ್ಳಲಿಲ್ಲ, ಕಾಲನ್ನು ಮಾತ್ರ ಕೊಂಡುಕೊಂಡಿತು. ರಿಸರ್ವ್ ಬ್ಯಾಂಕ್ 2006ರಲ್ಲಿ ಅನುಮತಿ ಕೊಟ್ಟ, ಬ್ಯಾಂಕಿನ ಪರವಾಗಿ ವ್ಯವಹರಿಸುವ ಪ್ರತಿನಿಧಿಗಳ ಪದ್ಧತಿಯಲ್ಲಿ, ಇಂದಿನ ಬ್ಯಾಂಕ್ ಮಿತ್ರರ ಪಾಡಿನಲ್ಲಿ, ಅದೇ ಕಮಿಷನ್ ನಂಬಿದ ಬದುಕು ಮುಂದುವರಿದಿದೆ.

ಮನೆಬಾಗಿಲಿನ ಭೇಟಿ ಸತ್ತಿಲ್ಲ ಎಂಬುದಕ್ಕೆ ಮೈಕ್ರೋ ಫೈನಾನ್ಸ್ ಕಂಪನಿಗಳೇ ಸಾಕ್ಷಿ. ವಸೂಲಿಗೆ ಅವರ ಸಿಬ್ಬಂದಿ ಹಳ್ಳಿ ಹಳ್ಳಿಗೂ ಬರುತ್ತಾರೆ. ಆ ವಸೂಲಿಯ ಕಾಟ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಈ ಕಂಪನಿಗಳು ಠೇವಣಿ ತೆಗೆದುಕೊಳ್ಳುವಂತಿಲ್ಲ. ಹೀಗಾಗಿ ಬಡವರ ಮನೆಗೆ ಈಗ ಎರಡು ಅರ್ಧ ಭೇಟಿಗಳು: ಉಳಿತಾಯ ಒಯ್ಯುವವನು ಸಾಲ ಕೊಡುವುದಿಲ್ಲ, ಸಾಲ ಕೊಡುವವನು ಉಳಿತಾಯ ಇಟ್ಟುಕೊಳ್ಳುವುದಿಲ್ಲ. ಒಂದು ಕಡೆ ಕಡಿಮೆ ಬಡ್ಡಿಗೆ ತನ್ನ ದುಡ್ಡು ಇಟ್ಟು, ಇನ್ನೊಂದು ಕಡೆ ಅದರ ಹಲವು ಪಟ್ಟು ಬಡ್ಡಿಗೆ ಸಾಲ ತಂದ ಕುಟುಂಬಕ್ಕೆ ಎರಡನ್ನೂ ಸೇರಿಸಿ ನೋಡುವ ಒಂದು ಸಂಸ್ಥೆ ಇಲ್ಲ. ಪತ್ತಿನ ಸಹಕಾರಿ ಸಂಘಗಳು ದಿನದ ಕಂತಿನ ಪಿಗ್ಮಿ ಸಾಲ ಕೊಟ್ಟು ಆ ಕೊರತೆಯನ್ನು ತುಂಬುತ್ತಿವೆ ಎಂಬ ಉತ್ತರ ಬರಬಹುದು. ನಿಜ, ಅರ್ಧಕ್ಕೆ ನಿಂತ ಕೆಲಸ ಪೂರ್ತಿಯಾಗಬಲ್ಲದು ಎಂಬುದನ್ನು ಅವು ತೋರಿಸಿವೆ. ಆದರೆ ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ಇರುವ ವಿಮೆ ಈ ಸಂಘಗಳ ಠೇವಣಿಗೆ ಇಲ್ಲ. ಸಂಘ ಮುಳುಗಿದರೆ ಪಿಗ್ಮಿ ಕಟ್ಟಿದವನೂ ಮುಳುಗುತ್ತಾನೆ. ಭದ್ರತೆ ಇರುವಲ್ಲಿ ಸಾಲವಿಲ್ಲ, ಸಾಲ ಇರುವಲ್ಲಿ ಭದ್ರತೆಯಿಲ್ಲ.

ಉಳಿತಾಯ ಮತ್ತು ವಸೂಲಿ ಒಬ್ಬನ ಕೈಯಲ್ಲೇ ಇದ್ದರೆ ಅಪಾಯವಲ್ಲವೇ ಎಂಬುದು ಗಂಭೀರವಾದ ಆಕ್ಷೇಪ. ಠೇವಣಿ ನುಂಗಿದ ಏಜೆಂಟರ ಸುದ್ದಿಗಳು ಹೊಸವಲ್ಲ, ಸಾಲದ ಒತ್ತಡವೂ ಸೇರಿದರೆ ದುರುಪಯೋಗ ಹೆಚ್ಚಬಹುದು. ತಂತ್ರಜ್ಞಾನ ಕೆಲಸಕ್ಕೆ ಬರುವುದು ಇಲ್ಲಿಯೇ. ಕಟ್ಟಿದ ಕ್ಷಣದಲ್ಲೇ ರಸೀದಿ ಖಾತೆದಾರಳ ಫೋನಿಗೆ ಬಂದರೆ ಮೋಸಕ್ಕೆ ಎಡೆ ಕಡಿಮೆ. ಒತ್ತಡದ ಮೂಲ ಇರುವುದು ಕಮಿಷನ್ನಿನಲ್ಲಿ. ವಸೂಲಿಯ ಮೊತ್ತಕ್ಕೆ ತಕ್ಕಂತೆ ಊಟ ಸಿಗುವವನು ಬಾಗಿಲು ಬಡಿಯುತ್ತಾನೆ, ಖಾತ್ರಿ ಸಂಬಳದವನಿಗೆ ಕಷ್ಟದ ವಾರದಲ್ಲಿ ಕಂತು ಮುಂದೂಡುವ ಧೈರ್ಯ ಇರುತ್ತದೆ. 1988ರ ತೀರ್ಪಿನ ಖಾತ್ರಿ ವೇತನವನ್ನು ಏಜೆಂಟರ ಹಿತಕ್ಕಾಗಿ ಎಂದಷ್ಟೇ ಓದಿದ್ದು ನಮ್ಮ ಓದಿನ ದೋಷ. ಅದು ಠೇವಣಿದಾರನ ಮಾನದ ರಕ್ಷಣೆಯೂ ಹೌದು.

ಆದ್ದರಿಂದ ಪಿಗ್ಮಿಯ ಕೀರ್ತಿಯನ್ನು ಎರಡಾಣೆಯ ಕಥೆಯಿಂದ ಬಿಡಿಸಿ, ಅದು ಬಿಟ್ಟುಹೋದ ಕೆಲಸದ ಎದುರು ನಿಲ್ಲಿಸಬೇಕು. ನಿರ್ದಿಷ್ಟ ಅವಧಿ ತಪ್ಪದೆ ಕಟ್ಟಿದ ದಿನದ ಠೇವಣಿಯ ದಾಖಲೆಯನ್ನು ಸಣ್ಣ ವ್ಯಾಪಾರದ ಸಾಲಕ್ಕೂ ಮನೆ ದುರಸ್ತಿಯ ಸಾಲಕ್ಕೂ ಆದಾಯದ ಪುರಾವೆಯಾಗಿ ಸಾರ್ವಜನಿಕ ಬ್ಯಾಂಕುಗಳು ಒಪ್ಪಬೇಕು. ಅಂಥ ಸಾಲವನ್ನು ದಿನದ ಕಂತಿನಲ್ಲಿ ತೀರಿಸಲು ಬಿಡಬೇಕು. ಅದನ್ನು ಸಂಗ್ರಹಿಸುವವರಿಗೆ ಬದುಕಲು ಸಾಲುವ ಖಾತ್ರಿ ವೇತನ ಕೊಡಬೇಕು. ಇವು ಮೂರೂ ಒಟ್ಟಿಗೆ ಆಗದಿದ್ದರೆ ಒಂದೊಂದೂ ವ್ಯರ್ಥ, ಏಕೆಂದರೆ ಭೇಟಿಯ ಖರ್ಚು ಮೂರೂ ಸೇರಿದಾಗ ಮಾತ್ರ ಸರಿದೂಗುತ್ತದೆ. ಬಡವರು ಬ್ಯಾಂಕನ್ನು ನಂಬುತ್ತಾರೆಂದು ತಮ್ಮ ಚಿಲ್ಲರೆಯಿಂದಲೇ ತೋರಿಸಿಕೊಟ್ಟು ಹೆಚ್ಚುಕಡಿಮೆ ನೂರು ವರ್ಷವಾಯಿತು. ನಂಬಿಕೆಯ ಪರೀಕ್ಷೆ ಇನ್ನು ಬ್ಯಾಂಕುಗಳದು.