ಪರದೆಯಿಲ್ಲದ ಟಿವಿಯ ಆಚೆಗೆ: ‘ಬೀಸ್ಟ್ಸ್ ಆಫ್ ನೋ ನೇಷನ್’

‘ಬೀಸ್ಟ್ಸ್ ಆಫ್ ನೋ ನೇಷನ್’ ಸಿನಿಮಾ ಶುರುವಾಗುವುದು ಒಂದು ಹಳೆಯ ಟಿವಿಯ ಚೌಕಟ್ಟಿನಿಂದ. ಪರದೆ ಇಲ್ಲ, ವೈರು ಇಲ್ಲ, ಬರೀ ಖಾಲಿ ಡಬ್ಬ. ಅದರ ಆಚೆ ಹುಡುಗರು ಫುಟ್‌ಬಾಲ್ ಆಡುತ್ತಿದ್ದಾರೆ. ಅಗು ಎಂಬ ಹುಡುಗ ಮತ್ತವನ ಗೆಳೆಯರು ಈ ಡಬ್ಬವನ್ನು ಹೊತ್ತುಕೊಂಡು ಹೋಗಿ, ಊರ ಕಾವಲಿಗಿರುವ ಸೈನಿಕನಿಗೆ ಮಾರಲು ನೋಡುತ್ತಾರೆ. ಇದು ಕಲ್ಪನೆಯ ಟಿವಿ ಅಂತ ಅವರ ವಾದ. ಚೌಕಟ್ಟಿನ ಹಿಂದೆ ನಿಂತು ಕುಣಿಯುತ್ತಾರೆ, ಹೊಡೆದಾಟದ ದೃಶ್ಯ ಆಡಿ ತೋರಿಸುತ್ತಾರೆ. ಒಬ್ಬ ತಲೆಯನ್ನು ಹೊರಗೆ ತೂರಿಸಿ ‘ತ್ರೀಡಿ’ ಕೂಡ ಮಾಡುತ್ತಾನೆ. ನಗು ಬರುತ್ತದೆ. ಆದರೆ ನಿರ್ದೇಶಕ ಕ್ಯಾರಿ ಜೋಜಿ ಫುಕುನಾಗ ಇಲ್ಲಿ ಒಂದು ಪ್ರಶ್ನೆಯನ್ನೂ ನಮ್ಮೆದುರು ಇಟ್ಟಿದ್ದಾರೆ ಅನ್ನಿಸುತ್ತದೆ. ಆಫ್ರಿಕಾದ ಯುದ್ಧವನ್ನು ನಾವು ನೋಡುತ್ತಾ ಬಂದಿರುವುದೇ ಟಿವಿಯ ಚೌಕಟ್ಟಿನೊಳಗೆ. ಆ ಚೌಕಟ್ಟು ತೆಗೆದರೆ ಏನು ಕಾಣುತ್ತದೆ?

2015ರ ಈ ಚಿತ್ರ ನೆಟ್‌ಫ್ಲಿಕ್ಸ್‌ನ ಮೊದಲ ಸ್ವಂತ ಕಥಾಚಿತ್ರವೆಂದು ಬಂತು. ಥಿಯೇಟರಿನಲ್ಲೂ ನೆಟ್‌ಫ್ಲಿಕ್ಸ್‌ನಲ್ಲೂ ಒಂದೇ ದಿನ ಬಿಡುಗಡೆ ಮಾಡಿದ್ದಕ್ಕೆ ಅಮೆರಿಕದ ದೊಡ್ಡ ಚಿತ್ರಮಂದಿರ ಸರಣಿಗಳು ಇದನ್ನು ಹಾಕಲಿಲ್ಲ. ವೆನಿಸ್ ಚಿತ್ರೋತ್ಸವದಲ್ಲಿ ಅಗು ಪಾತ್ರದ ಏಬ್ರಹಾಂ ಅಟ್ಟಾಗೆ ಹೊಸ ನಟರಿಗೆ ಕೊಡುವ ಪ್ರಶಸ್ತಿ ಸಿಕ್ಕಿತು. ಅದಕ್ಕೂ ಮೊದಲು ಆ ಘಾನಾದ ಹುಡುಗ ಕ್ಯಾಮೆರಾದ ಮುಂದೆ ನಿಂತವನೇ ಅಲ್ಲ.

ಮೂಲ ಕೃತಿ ಉಜೊಡಿನ್ಮಾ ಇವಿಯಾಲ ಅವರ 2005ರ ಪುಟ್ಟ ಕಾದಂಬರಿ. ಹಾರ್ವರ್ಡ್‌ನಲ್ಲಿ ಓದುವಾಗ ಲೇಖಕಿ ಜಮೈಕಾ ಕಿಂಕೇಡ್ ಅವರ ಮಾರ್ಗದರ್ಶನದಲ್ಲಿ ಬರೆದದ್ದು. ಹೆಸರು ಫೆಲಾ ಕೂಟಿಯ 1989ರ ಆಲ್ಬಂನಿಂದ ಬಂದಿದೆ. ಕಾದಂಬರಿಯ ನಿಜವಾದ ಕಥಾನಾಯಕ ಅದರ ಭಾಷೆ. ಅಗು ತನ್ನದೇ ಒಂದು ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಅದರಲ್ಲಿ ಕ್ರಿಯೆಗಳೆಲ್ಲ ನಡೆಯುತ್ತಲೇ ಇರುತ್ತವೆ: ಅವನು ಕೊಲ್ಲುತ್ತಿದ್ದಾನೆ, ಹಸಿಯುತ್ತಿದ್ದಾನೆ, ತಿಳಿಯುತ್ತಿದ್ದಾನೆ, ಬಯಸುತ್ತಿದ್ದಾನೆ. ಭಾರತೀಯರ ಇಂಗ್ಲಿಷನ್ನು ಗೇಲಿ ಮಾಡುವವರು ಮೊದಲು ಹಿಡಿಯುವುದೂ ಇದೇ ‘ಇಂಗ್’ ಪ್ರತ್ಯಯವನ್ನು. ಇವಿಯಾಲ ಅದನ್ನು ತಮಾಷೆಗೆ ಬಳಸಿಲ್ಲ. ಯಾವುದೂ ಮುಗಿಯದ, ಯಾವುದೂ ‘ಆಗಿಹೋಯಿತು’ ಎಂದು ಹೇಳಲಾಗದ ಒಂದು ಕಾಲವನ್ನು ಅದರಿಂದ ಕಟ್ಟಿದ್ದಾರೆ. ಆಘಾತಕ್ಕೆ ಭೂತಕಾಲವಿಲ್ಲ ಎಂಬುದನ್ನು ಸಿದ್ಧಾಂತಗಳಲ್ಲಿ ಎಷ್ಟೋ ಓದಿದ್ದೆ; ವ್ಯಾಕರಣದಲ್ಲೇ ಅದನ್ನು ಕಂಡದ್ದು ಇಲ್ಲಿ. (ಇದನ್ನು ಕನ್ನಡಕ್ಕೆ ತರುವುದು ಹೇಗೆ ಎಂದು ಆಗಾಗ ಯೋಚಿಸುತ್ತೇನೆ. ‘ಹೋಗುತ್ತಿದ್ದೇನೆ, ನೋಡುತ್ತಿದ್ದೇನೆ’ ಎಂದರೆ ಕನ್ನಡದಲ್ಲಿ ಯಾವ ಮುಗ್ಗರಿಕೆಯೂ ಇಲ್ಲ, ಸರಾಗವಾಗಿ ಓದಿಸಿಕೊಂಡುಬಿಡುತ್ತದೆ. ಅನುವಾದಕರು ಬೇರೆಯದೇ ಕಡೆ ಭಾಷೆಯನ್ನು ಕುಂಟಿಸಬೇಕಾದೀತು.)

ಸಿನಿಮಾದಲ್ಲಿ ಈ ಭಾಷೆ ಹಿನ್ನೆಲೆ ದನಿಯಾಗಿ ಅಲ್ಲಲ್ಲಿ ಮಾತ್ರ ಉಳಿದಿದೆ. ಉಳಿದ ಹೊರೆಯೆಲ್ಲ ದೃಶ್ಯದ ಮೇಲೆ. ಛಾಯಾಗ್ರಹಣವೂ ಫುಕುನಾಗ ಅವರದೇ. ಮಾದಕದ ಅಮಲಿನಲ್ಲಿ ಅಗು ದಾಳಿಗೆ ಹೊರಡುವಾಗ ಕಾಡಿನ ಹಸಿರೆಲ್ಲ ಗುಲಾಬಿ-ಕೆಂಪಿಗೆ ತಿರುಗುವ ದೃಶ್ಯವನ್ನು ಎಲ್ಲರೂ ಹೊಗಳಿದ್ದಾರೆ. ಐರಿಷ್ ಕಲಾವಿದ ರಿಚರ್ಡ್ ಮಾಸ್ ಪೂರ್ವ ಕಾಂಗೋದಲ್ಲಿ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ತೆಗೆದ ಚಿತ್ರಗಳನ್ನು ನೋಡಿದವರಿಗೆ ಆ ಬಣ್ಣ ತಟ್ಟನೆ ಗುರುತಾಗುತ್ತದೆ. ನನಗೆ ಅಲ್ಲಿ ಕಿರಿಕಿರಿ. ಅದು ಅಗುವಿನ ಕಣ್ಣಿನ ಕಾಡೋ, ಗ್ಯಾಲರಿಯ ಗೋಡೆಯ ಮೇಲಿನ ಕಾಡೋ? ಅಷ್ಟು ಚಂದದ ದೃಶ್ಯದಲ್ಲಿ ಯಾರು ಸತ್ತರು ಎಂಬುದು ಮುಗಿದ ಮೇಲೆ ನೆನಪಿರುವುದಿಲ್ಲ.

ಇದಕ್ಕೆ ಹೋಲಿಸಿದರೆ ಅಗುವಿನ ಮೊದಲ ಕೊಲೆಯ ದೃಶ್ಯಕ್ಕೆ ಯಾವ ಅಲಂಕಾರವೂ ಇಲ್ಲ. ಸೇತುವೆಯ ಬಳಿ ಸಿಕ್ಕಿಬಿದ್ದ ಒಬ್ಬ ಮನುಷ್ಯ ಮಂಡಿಯೂರಿ ಬೇಡುತ್ತಿದ್ದಾನೆ. ಅಗುವಿನ ಕೈಯಲ್ಲಿ ಮಚ್ಚು. ಅವನ ಬೆನ್ನ ಹಿಂದೆ ಬಾಗಿ ನಿಂತ ಕಮಾಂಡೆಂಟ್, ನಿನ್ನ ಅಪ್ಪನನ್ನು ಕೊಂದವರು ಇವರೇ ಎನ್ನುತ್ತಾನೆ. ಮಗನಿಗೆ ಕೈ ಹಿಡಿದು ಅಕ್ಷರ ತಿದ್ದಿಸುವ ಅಪ್ಪನ ಭಂಗಿ ಅದು. ಅಗುವಿನ ಅಪ್ಪ ಶಾಲಾ ಮೇಷ್ಟರಾಗಿದ್ದವರು ಎಂಬುದನ್ನು ನೆನಪಿಟ್ಟುಕೊಂಡು ಈ ದೃಶ್ಯ ನೋಡಬೇಕು. ಇಡ್ರಿಸ್ ಎಲ್ಬಾ ಈ ಕಮಾಂಡೆಂಟನನ್ನು ರಾಕ್ಷಸನನ್ನಾಗಿ ಆಡಿಲ್ಲ. ಅವನು ಹುಡುಗರಿಗೆ ಹೆಸರು ಕೊಡುತ್ತಾನೆ, ಊಟ ಕೊಡುತ್ತಾನೆ, ಹಾಡು-ಕುಣಿತ ಕೊಡುತ್ತಾನೆ, ಕತ್ತಲಾದ ಮೇಲೆ ತನ್ನ ಕೋಣೆಗೆ ಕರೆಯುತ್ತಾನೆ. ಬಾಲಸೈನಿಕರ ಬಗೆಗಿನ ಬಹುಪಾಲು ಚಿತ್ರಗಳು ಅಪಹರಣ, ಹೊಡೆತ, ಮಾದಕವಸ್ತು ತೋರಿಸಿ ಸುಮ್ಮನಾಗುತ್ತವೆ. ಅಪ್ಪನನ್ನು ಕಳೆದುಕೊಂಡ ಮಗುವಿಗೆ ಅಪ್ಪನ ಜಾಗ ತೋರಿಸಿಯೇ ಸೇನೆಗೆ ಸೇರಿಸಿಕೊಳ್ಳುವ ಕ್ರಮವನ್ನು ಇಷ್ಟು ನಿಧಾನವಾಗಿ ಬಿಡಿಸಿಟ್ಟ ಚಿತ್ರವನ್ನು ನಾನು ಬೇರೆ ನೋಡಿಲ್ಲ. ಮುಂದೆ ಇದೇ ಕಮಾಂಡೆಂಟ್ ತನ್ನ ಮೇಲಿನ ನಾಯಕನ ಕಚೇರಿಯ ಹೊರಗೆ ಗಂಟೆಗಟ್ಟಲೆ ಕಾಯುತ್ತಾ ಕೂರುತ್ತಾನೆ, ಕೆಲಸ ಕಳೆದುಕೊಂಡ ಗುಮಾಸ್ತನ ಹಾಗೆ. ಕಾಡಿನಲ್ಲಿ ದೇವರಾಗಿದ್ದವನು ಕುರ್ಚಿಯ ಮೇಲೆ ಎಷ್ಟು ಸಣ್ಣವನಾಗಿ ಕಾಣುತ್ತಾನೆ!

ಇನ್ನು ದೇಶದ ಪ್ರಶ್ನೆ. ಕಾದಂಬರಿಯಲ್ಲೂ ಸಿನಿಮಾದಲ್ಲೂ ದೇಶಕ್ಕೆ ಹೆಸರಿಲ್ಲ. ಕಾದಂಬರಿಯಲ್ಲಿ ಇದು ಸಹಜ. ಮಗುವಿಗೆ ಗೊತ್ತಿರುವುದು ತನ್ನ ಹಳ್ಳಿ, ಚರ್ಚು, ಶಾಲೆ. ನಕಾಶೆ ಅವನಿಗೆ ಯಾಕೆ? ಆದರೆ ಕ್ಯಾಮೆರಾ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಚಿತ್ರೀಕರಣ ನಡೆದದ್ದು ಘಾನಾದಲ್ಲಿ. ಜನ ಆಡುವುದು ಅಲ್ಲಿನ ಟ್ವಿ ಭಾಷೆ. ಕಾವಲಿಗಿರುವ ಸೈನಿಕರು ‘ಇಕೊಮಾಗ್’ನವರು, ಅಂದರೆ 1990ರ ದಶಕದಲ್ಲಿ ಲೈಬೀರಿಯ, ಸಿಯೆರಾ ಲಿಯೋನ್‌ಗಳಿಗೆ ಹೋದ ಪಶ್ಚಿಮ ಆಫ್ರಿಕಾದ ಪಡೆ. ಆ ಎರಡು ದೇಶಗಳ ಯುದ್ಧಕ್ಕೆ ಯುದ್ಧವೇ ಕಾಣದ ಘಾನಾದ ಮಾತು ಮತ್ತು ಮಣ್ಣು ಹಚ್ಚಿ, ಕೊನೆಗೆ ‘ಎಲ್ಲಾದರೂ ಆಗಬಹುದು’ ಎಂದರೆ, ಕೇಳುವವರಿಗೆ ‘ಆಫ್ರಿಕಾದಲ್ಲಿ ಎಲ್ಲಾದರೂ’ ಎಂದು ಕೇಳಿಸುತ್ತದೆ. ಲೈಬೀರಿಯದ ರಬ್ಬರ್ ತೋಟಗಳಿಗೆ, ಸಿಯೆರಾ ಲಿಯೋನ್‌ನ ವಜ್ರಕ್ಕೆ ಹೆಸರಿದೆ, ಕೊಳ್ಳುವವರಿದ್ದಾರೆ, ಬೆಲೆ ಇದೆ. ಹೆಸರು ಹೋದರೆ ಅವೂ ಹೋಗುತ್ತವೆ. ಉಳಿಯುವುದು ಕಾಡು ಮತ್ತು ಕ್ರೌರ್ಯ ಮಾತ್ರ. ನೈಜೀರಿಯ ಮೂಲದ ನ್ಯೂಟನ್ ಅಡುವಾಕ ಅವರ ‘ಎಜ್ರಾ’ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಅದರಲ್ಲಿ ವಜ್ರದ ವ್ಯಾಪಾರ ಕಣ್ಣೆದುರಿಗಿದೆ, ಸತ್ಯಶೋಧನೆಯ ವಿಚಾರಣೆಯಲ್ಲಿ ಹುಡುಗ ಕುಳಿತಿದ್ದಾನೆ. 2007ರಲ್ಲಿ ಆಫ್ರಿಕಾದ ದೊಡ್ಡ ಚಿತ್ರೋತ್ಸವ ಫೆಸ್ಪಾಕೊದಲ್ಲಿ ಅದಕ್ಕೆ ಅಗ್ರ ಪ್ರಶಸ್ತಿ ಬಂತು. ಆದರೂ ನಮ್ಮ ಫಿಲ್ಮ್ ಸೊಸೈಟಿ ಚರ್ಚೆಗಳಲ್ಲಿ ‘ಬೀಸ್ಟ್ಸ್’ ಬಗ್ಗೆ ಹತ್ತು ಮಾತು ಬಂದರೆ ಅದರ ಬಗ್ಗೆ ಒಂದೂ ಬರುವುದಿಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ನನ್ನ ತಕರಾರು ಇನ್ನೂ ಗಟ್ಟಿ. ದಾಳಿಯೊಂದರಲ್ಲಿ ಅಗು ಒಬ್ಬ ಹೆಂಗಸನ್ನು ಕಂಡು ತನ್ನ ತಾಯಿ ಎಂದುಕೊಂಡು ಅಪ್ಪಿಕೊಳ್ಳುತ್ತಾನೆ. ಅಲ್ಲವೆಂದು ತಿಳಿದೊಡನೆ ಸಿಟ್ಟಾಗುತ್ತಾನೆ. ಜೊತೆಗಾರರು ಅವಳ ಮೇಲೆ ಎರಗಿದಾಗ ಅಗು ಗುಂಡು ಹಾರಿಸಿ ಅವಳನ್ನು ಕೊಲ್ಲುತ್ತಾನೆ. ದಯೆಯಿಂದಲೋ, ರೋಷದಿಂದಲೋ, ಚಿತ್ರ ಹೇಳುವುದಿಲ್ಲ. ಆ ಮೌನ ಸರಿ. ಆದರೆ ಆ ಹೆಂಗಸು ಯಾರು? ಅಗುವಿನ ಮನಸ್ಸಿನ ಒಂದು ತಿರುವಿಗಾಗಿ ಬಂದು ಸತ್ತವಳು, ಅಷ್ಟೇ. ಕಾಂಗೋದ ಇಮಾನ್ಯುಯೆಲ್ ಡೊಂಗಾಲ ‘ಜಾನಿ ಮ್ಯಾಡ್ ಡಾಗ್’ ಕಾದಂಬರಿಯಲ್ಲಿ ಅದೇ ಯುದ್ಧವನ್ನು ಜಾನಿಯಿಂದ ಒಮ್ಮೆ, ಲಾವೊಕೊಲೆ ಎಂಬ ಹುಡುಗಿಯಿಂದ ಒಮ್ಮೆ ಹೇಳಿಸುತ್ತಾರೆ. ಕೊಲ್ಲುವವನ ಮಾತು ಮುಗಿಯುವಷ್ಟರಲ್ಲಿ ಓಡುತ್ತಿರುವವಳು ಶುರುಮಾಡುತ್ತಾಳೆ. ಕಿಮ್ ನುಯೆನ್ ಅವರ ‘ರೆಬೆಲ್’ (2012) ಚಿತ್ರದಲ್ಲಂತೂ ಬಂದೂಕು ಹಿಡಿದವಳೇ ಹುಡುಗಿ, ಕಥೆ ಹೇಳುವವಳೂ ಅವಳೇ, ಹೊಟ್ಟೆಯಲ್ಲಿರುವ ಮಗುವಿಗೆ. ಇವುಗಳ ಪಕ್ಕದಲ್ಲಿಟ್ಟರೆ ‘ಬೀಸ್ಟ್ಸ್’ ಪೂರ್ತಿ ಅಪ್ಪ-ಮಕ್ಕಳ ಲೋಕ.

ಕೊನೆಯ ಭಾಗದಲ್ಲಿ ಅಗು ಸಮುದ್ರದ ದಡದ ಪುನರ್ವಸತಿ ಶಾಲೆಯಲ್ಲಿದ್ದಾನೆ. ಏಮಿ ಎಂಬ ಆಪ್ತಸಲಹೆಗಾರ್ತಿ ಅವನ ಮಾತಿಗಾಗಿ ಕಾಯುತ್ತಾಳೆ. ಕಾದಂಬರಿಯಲ್ಲಿ ಅವಳು ಅಮೆರಿಕದ ಬಿಳಿಯ ಹೆಂಗಸು. ಸಿನಿಮಾ ಅವಳನ್ನು ಆಫ್ರಿಕಾದವಳನ್ನಾಗಿ ಮಾಡಿದ್ದು ಜಾಣತನ. ತಾನು ಕಂಡದ್ದನ್ನು ಮಾಡಿದ್ದನ್ನು ಹೇಳಿದರೆ ನೀವು ನನ್ನನ್ನು ಮೃಗ ಅಂದುಕೊಳ್ಳುತ್ತೀರಿ, ಆದರೆ ನನ್ನನ್ನು ಪ್ರೀತಿಸಿದ ಅಪ್ಪ-ಅಮ್ಮ ನನಗೂ ಇದ್ದರು ಎಂಬರ್ಥದ ಅವನ ಮಾತನ್ನು ಅಟ್ಟಾ ಯಾವ ಏರಿಳಿತವೂ ಇಲ್ಲದೆ ಹೇಳುತ್ತಾನೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ತನ್ನ ಮೊದಲ ತೀರ್ಪನ್ನು 2012ರಲ್ಲಿ ಕೊಟ್ಟದ್ದು ಮಕ್ಕಳನ್ನು ಸೇನೆಗೆ ಸೇರಿಸಿದ ಕಾಂಗೋದ ಥಾಮಸ್ ಲುಬಾಂಗನ ಮೇಲೆ. ಅದು ಸುಲಭದ ಮೊಕದ್ದಮೆ ಎನ್ನಬೇಕು. ಅಪರಾಧಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. 2021ರಲ್ಲಿ ಅದೇ ನ್ಯಾಯಾಲಯ ಉಗಾಂಡದ ಡೊಮಿನಿಕ್ ಒಂಗ್ವೆನ್‌ಗೆ 25 ವರ್ಷ ಶಿಕ್ಷೆ ಕೊಟ್ಟಿತು. ಬಾಲ್ಯದಲ್ಲಿ ಬಂಡುಕೋರರು ಹೊತ್ತೊಯ್ದ ಹುಡುಗ ಅವನು. ಅದೇ ಪಡೆಯಲ್ಲಿ ಬೆಳೆದು ಕಮಾಂಡರ್ ಆದ. ಯಾವ ವಯಸ್ಸಿನವರೆಗೆ ಅವನು ಅಗು, ಯಾವ ವಯಸ್ಸಿನಿಂದ ಕಮಾಂಡೆಂಟ್?

ಸಿನಿಮಾ ಅಗುವನ್ನು ಆ ಗೆರೆಯ ಈಚೆಗೇ ಉಳಿಸಿಕೊಂಡು ಸಮುದ್ರಕ್ಕೆ ಇಳಿಸುತ್ತದೆ. ಆದರೆ ಅದಕ್ಕೂ ಸ್ವಲ್ಪ ಮೊದಲು, ಅವನಿಗಿಂತ ದೊಡ್ಡವನಾದ ‘ಪ್ರೀಚರ್’ ಎಂಬ ಹುಡುಗ ಈ ಶಾಲೆ, ಈ ಊಟ, ಈ ಪ್ರಾರ್ಥನೆ ಸಾಕಾಗಿ ಕೆಲವರನ್ನು ಕಟ್ಟಿಕೊಂಡು ಯುದ್ಧಕ್ಕೆ ವಾಪಸಾಗುತ್ತಾನೆ. ಕ್ಯಾಮೆರಾ ಅವನ ಹಿಂದೆ ಹೋಗುವುದಿಲ್ಲ. ಅಲೆಗಳಲ್ಲಿ ಆಡುತ್ತಿರುವ ಹುಡುಗರನ್ನು ನೋಡುವಾಗ ನಾನು ಹುಡುಕುವುದು ಅವನನ್ನೇ.