ಸಂಕಮ್ಮ ಕೊಡದ ಭಾಷೆ

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಹಳ್ಳಿಗಳಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆಯ ಮಾದೇಶ್ವರನ ಕಾವ್ಯದಲ್ಲಿ ಜನಮನಕ್ಕೆ ಬಹಳ ಹತ್ತಿರವಾದುದು ಸಂಕಮ್ಮನ ಸಾಲು. ಅದನ್ನು ದೇವರ ಮಹಿಮೆಯ ಕಥೆಯೆಂದು ಕೇಳಿ ಕೈಮುಗಿಯುವುದು ವಾಡಿಕೆ. ಆದರೆ ನ್ಯಾಯವಾದ ಕಟ್ಟಳೆ ಯಾವುದು, ಅನ್ಯಾಯದ ಕಟ್ಟಳೆ ಯಾವುದು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತಿದ ಕಥೆ ನಮ್ಮಲ್ಲಿ ವಿರಳವೆಂದೇ ಹೇಳಬೇಕು.

ಸೋಲಿಗರ ನೀಲೇಗೌಡನು ಜೇನು-ಬೇಟೆಗಳಿಗೆಂದು ಬಹುದಿನ ಕಾಡಿಗೆ ಹೊರಡುವ ಮುನ್ನ, ತನ್ನ ಶೀಲದ ಬಗ್ಗೆ ಬಲಗೈ ಭಾಷೆ ಕೊಡೆಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡಳು. ಅದಕ್ಕಾಗಿ ಗಂಡನಿಂದ ಕ್ರೂರವಾದ ಶಿಕ್ಷೆ ಅನುಭವಿಸುತ್ತಾಳೆ. ಮಾದಪ್ಪ ಬಂದು ಅವಳನ್ನು ಕಾಯುತ್ತಾನೆ, ಮಕ್ಕಳ ಭಾಗ್ಯ ಕೊಡುತ್ತಾನೆ.

ಮಾತಿಗೆ ತಪ್ಪದಿರುವುದೇ ಪರಮಧರ್ಮವೆಂದು ಕಲಿತವರು ನಾವು. ರಾಘವಾಂಕನ ಹರಿಶ್ಚಂದ್ರ ಒಡೆಯನ ಆಜ್ಞೆಯೆಂದು ಚಂದ್ರಮತಿಯ ಮೇಲೆ ಕತ್ತಿ ಎತ್ತುತ್ತಾನೆ. ಪುಣ್ಯಕೋಟಿ ಹುಲಿಯ ಬಳಿಗೆ ಮರಳುತ್ತದೆ. ಹಾಗಾದರೆ ಭಾಷೆಯನ್ನೇ ಕೊಡದ ಸಂಕಮ್ಮ ಸತ್ಯಕ್ಕೆ ಹೊರಗಾದಳೆ? ಇಲ್ಲ. ಹರಿಶ್ಚಂದ್ರನದೂ ಪುಣ್ಯಕೋಟಿಯದೂ ತಾವಾಗಿ ಕೊಟ್ಟ ಮಾತು. ಸಂಕಮ್ಮನಿಂದ ಕೇಳಿದುದು ಸಂದೇಹದಿಂದ ಹುಟ್ಟಿದ, ಬಲವಂತದಿಂದ ಕೀಳುವ ಮಾತು. ಅದನ್ನು ಕೊಟ್ಟರೆ ಆ ಸಂದೇಹಕ್ಕೆ ಒಪ್ಪಿಗೆ ಕೊಟ್ಟಂತೆ. ತಪ್ಪಿತಸ್ಥರೂ ಹೀಗೆಯೇ ನಿರಾಕರಿಸಬಹುದಲ್ಲ ಎನ್ನುವವರುಂಟು. ನಿಜ, ಆದರೆ ತಪ್ಪಿತಸ್ಥರಿಗೆ ಸುಳ್ಳು ಭಾಷೆ ಕೊಟ್ಟು ಪಾರಾಗುವ ಸುಲಭದ ಹಾದಿ ಇರುತ್ತದೆ. ಸಂಕಮ್ಮ ಗಂಡನ ಎದುರಿಗೇ ನಿಂತು ಒಲ್ಲೆನೆಂದು, ಅದರ ಬೆಲೆಯನ್ನೂ ತೆತ್ತಳು.

ಇಷ್ಟಾದರೂ ಕಾವ್ಯದ ಮುಕ್ತಾಯ ನಮಗೆ ಪೂರ್ಣ ಸಮಾಧಾನ ಕೊಡುವುದಿಲ್ಲ. ಗಂಡ ಮರಳಿದ ಮೇಲೆ ಅವಳು ಘೋರ ಪರೀಕ್ಷೆಗಳನ್ನು ಎದುರಿಸಿ ಗೆಲ್ಲಬೇಕಾಗುತ್ತದೆ. ಗೆಲ್ಲದಿದ್ದರೆ ನೀಲೇಗೌಡನ ಕಟ್ಟಳೆ ನ್ಯಾಯವಾಗುತ್ತಿತ್ತೆ? ಅವಳು ಪರಿಶುದ್ಧಳೆಂದು ಆ ಕಟ್ಟಳೆ ಅನ್ಯಾಯವಾದುದಲ್ಲ. ಅದು ಮೊದಲಿನಿಂದಲೂ ಅನ್ಯಾಯವೇ. ಇಲ್ಲಿ ಕಾವ್ಯವು ತಾನೇ ಎತ್ತಿದ ಪ್ರಶ್ನೆಯಿಂದ ಒಂದು ಹೆಜ್ಜೆ ಹಿಂದೆ ಸರಿದಂತೆ ತೋರುತ್ತದೆ.

ಇದು ಹಳೆಯ ಕಥೆಯ ಮಾತಷ್ಟೇ ಅಲ್ಲ. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು. ಕಾಡನ್ನು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ತಲೆಮಾರುಗಳಿಂದ ಅಲ್ಲಿ ಬಾಳಿದ ಸೋಲಿಗರನ್ನು ಅವರ ಪೋಡುಗಳಿಂದ ಎಬ್ಬಿಸುವಾಗ, ಮುಂದೆ ಜೇನು, ನೆಲ್ಲಿಕಾಯಿಗಳ ಸಂಗ್ರಹಕ್ಕೆ ತಡೆ ಹಾಕುವಾಗ, ಅವರನ್ನು ಕೇಳಿದವರಾರು? ಅವರು ಕಾಡಿಗೆ ಕೇಡು ಬಗೆಯುವರೆಂಬ ಸಂದೇಹವೇ ಇಲ್ಲಿಯೂ ಕಟ್ಟಳೆಯ ಬುಡದಲ್ಲಿತ್ತು. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಜನಕ್ಕೆ ಐತಿಹಾಸಿಕ ಅನ್ಯಾಯವಾಗಿದೆಯೆಂದು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿತು. ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲಿಯೇ ಅಲ್ಲಿನ 25 ಪೋಡುಗಳಿಗೆ ಸಮುದಾಯದ ಹಕ್ಕುಪತ್ರಗಳೂ ದೊರೆತವು.

ಕಾಯಿದೆಯೊಂದು ಹಿಂದಿನ ಕಾಯಿದೆಗಳ ತಪ್ಪನ್ನು ಹೀಗೆ ಒಪ್ಪುವುದು ಸಣ್ಣ ಸಂಗತಿಯಲ್ಲ. ನೀಲೇಗೌಡ ಮಾಡಬೇಕಾಗಿದ್ದುದೂ ಅದೇ ಕೆಲಸ. ಸಂಕಮ್ಮನ ಸಾಲನ್ನು ಇನ್ನು ಮುಂದೆ ಕೇಳುವವರು ಮಾದಪ್ಪನ ಪವಾಡಕ್ಕೆ ಕೈಮುಗಿಯುವುದರೊಡನೆ, ಪವಾಡಕ್ಕೂ ಮೊದಲು ಅವಳು ಒಬ್ಬಳೇ ನಿಂತು ಆಡಿದ ಆ ನಿರಾಕರಣೆಯ ಮಾತಿಗೂ ಕಿವಿಗೊಡಲಿ.