ಸುರುಳಿಯ ನಿಯತ್ತು

ಎಚ್‌ಎಂಟಿ ಜನತಾ ವಾಚಿನ ಹಿಂಬದಿಯ ಮುಚ್ಚಳ ತೆಗೆದರೆ ಅತ್ತಿಂದಿತ್ತ ತೂಗುವ ಬ್ಯಾಲೆನ್ಸ್ ಚಕ್ರವೇ ಮೊದಲು ಕಣ್ಣು ಸೆಳೆಯುತ್ತದೆ. ನನಗೆ ಮಾತ್ರ ಅದರ ಅಚ್ಚಿಗೆ ಅಂಟಿಕೊಂಡ, ಸೊಳ್ಳೆಬತ್ತಿಯಂತೆ ಸುತ್ತಿದ ಲೋಹದ ಎಳೆಯ ಮೇಲೆಯೇ ಮೋಹ. ಚಕ್ರ ತಿರುಗಿದಾಗ ಸುರುಳಿ ಅರಳುತ್ತದೆ, ಮರುಕ್ಷಣ ಮುದುಡಿ ಚಕ್ರವನ್ನು ಹಿಂದಕ್ಕೆಳೆಯುತ್ತದೆ. ಸೆಕೆಂಡಿಗೆ 5 ಬಡಿತ, ದಿನಕ್ಕೆ 4,32,000. ಇಷ್ಟು ಬಗ್ಗಿದರೂ ಲೋಹ ತನ್ನ ಮೂಲ ಆಕಾರ ಮರೆಯುವುದಿಲ್ಲ.

ಎಳೆದಷ್ಟೂ ಅದೇ ಪ್ರಮಾಣದಲ್ಲಿ ಸ್ಪ್ರಿಂಗ್ ಪ್ರತಿರೋಧಿಸುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲಿ ಬರೆದ. ವಾಚಿನ ಗುಟ್ಟು ಇರುವುದೇ ಇಲ್ಲಿ. ಚಕ್ರ ದೂರ ಹೋದರೆ ಎಳೆತ ಹೆಚ್ಚು, ಹತ್ತಿರವಿದ್ದರೆ ಕಡಿಮೆ. ಹಾಗಾಗಿ ದೊಡ್ಡ ತೂಗಾಟಕ್ಕೂ ಸಣ್ಣದಕ್ಕೂ ಹೆಚ್ಚುಕಡಿಮೆ ಒಂದೇ ಸಮಯ. ಬೆಳಿಗ್ಗೆ ಕೊಟ್ಟ ಕೀಲಿ ರಾತ್ರಿ ಸಡಿಲಾದರೂ ಗಂಟೆ ಹಿಗ್ಗುವುದಿಲ್ಲ. 1675ರಲ್ಲಿ ಡಚ್ ವಿಜ್ಞಾನಿ ಹೈಗನ್ಸ್ ಇಂಥ ಸುರುಳಿಯ ವಾಚನ್ನು ಪ್ರಕಟಿಸಿದಾಗ, ಇದು ನನ್ನದೇ ವಿಚಾರವೆಂದು ಹುಕ್ ರೇಗಿದ್ದ. ರೇಗುವುದರಲ್ಲಿ ಅವನು ನಿಸ್ಸೀಮ, ಬಿಡಿ.

ಅಂದಿನ ಸುರುಳಿಯ ಉಕ್ಕಿಗೊಂದು ದೌರ್ಬಲ್ಯವಿತ್ತು: ಬಿಸಿಯಾದರೆ ಅದರ ಬಿಗಿ ತಗ್ಗಿ ವಾಚು ನಿಧಾನ. ಉಷ್ಣತೆಗೆ ಜಗ್ಗದ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳನ್ನು ಕಂಡುಕೊಂಡ ಶಾರ್ಲ್ ಗಿಯೋಮ್‌ಗೆ 1920ರ ಭೌತಶಾಸ್ತ್ರದ ನೊಬೆಲ್ ಬಂತು. ಅದೇ ಕಾಲದ ಮಹಾ ಸಿದ್ಧಾಂತಗಳ ನಡುವೆ ಈ ಲೋಹಗಾರಿಕೆಗೆ ಸಂದ ಮನ್ನಣೆ ನನಗಂತೂ ನ್ಯಾಯವೆಂದೇ ತೋರುತ್ತದೆ. ಸುರುಳಿಯ ಈಗಿನ ಶತ್ರು ಆಯಸ್ಕಾಂತ. ಸ್ಪೀಕರಿನ ಪಕ್ಕ ಇಟ್ಟರೆ ಸುತ್ತುಗಳು ಒಂದಕ್ಕೊಂದು ಅಂಟಿ, ಜನತಾ ದಿಢೀರನೆ ನಿಮಿಷಗಟ್ಟಲೆ ಮುಂದೆ ಓಡಬಹುದು.